ಮೇನ್ ಸ್ವಿಚ್ಚಿನ ಬೀಗ

ಲಿಫ್ಟ್ ರಿಪೇರಿಯವರು ಲಿಫ್ಟಿನ ಅಡಿಯ ಗುಂಡಿಗೆ ಇಳಿಯುವ ಮೊದಲು ಮೇನ್ ಸ್ವಿಚ್ ಆರಿಸಿ, ಅದಕ್ಕೆ ತಮ್ಮ ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು. ನನಗೆ ಈ ಕೆಲಸ ಕಲಿಸಿದ ಸೋದರಮಾವ ಬೀಗವನ್ನು ಎರಡೆರಡು ಸಲ ಜಗ್ಗಿ ನೋಡುತ್ತಿದ್ದರು: ಟಕ್, ಟಕ್.

ವರ್ಷದಿಂದ ಕೆಟ್ಟು ನಿಂತಿದ್ದ ಒಂದು ಆಸ್ಪತ್ರೆಯ ಲಿಫ್ಟನ್ನು ನೋಡಿ ನಾಲ್ವರು ಮೆಕ್ಯಾನಿಕ್‌ಗಳು ಕೈಚೆಲ್ಲಿದ್ದರು. ನಾನು ಹುಮ್ಮಸ್ಸಿನಲ್ಲಿ ಸ್ವಿಚ್ ಆರಿಸಿದವಳೇ ಇಳಿದುಬಿಟ್ಟೆ. ಮಟಮಟ ಮಧ್ಯಾಹ್ನ, ಆದರೂ ಗುಂಡಿಯಲ್ಲಿ ಇದ್ದಕ್ಕಿದ್ದಂತೆ ಚಳಿ ಹತ್ತಿತು. ಮೇಲೆ ಟಕ್, ಟಕ್ ಎಂದಿತು. ಅಷ್ಟರಲ್ಲಿ ದೋಷ ಕಣ್ಣಿಗೆ ಬಿದ್ದಿತ್ತು. ನಾನು ತಲೆ ಎತ್ತಲಿಲ್ಲ.

ಕೆಲಸ ಮುಗಿಸಿ ಹತ್ತಿ ಬಂದಾಗ ವಾಚ್‌ಮನ್ ಹೇಳಿದ, "ಅಕ್ಕಾ, ನೀವು ಊಟಕ್ಕೆ ಹೋಗಿದೀರ ಅಂದ್ಕೊಂಡು ಕರೆಂಟ್ ಹಾಕೋಕೆ ಬಂದಿದ್ದೆ. ಪುಣ್ಯಕ್ಕೆ ಬೀಗ ಇತ್ತು."

ನಾನು ಸ್ವಿಚ್ಚಿನತ್ತ ಓಡಿದೆ. ನನ್ನ ಬೀಗ ಚೀಲದಲ್ಲೇ ಉಳಿದಿತ್ತು. ಸ್ವಿಚ್ಚಿನಲ್ಲಿದ್ದದ್ದು ಮಾವನ ಹಿತ್ತಾಳೆ ಬೀಗ. ಅವರು ತೀರಿಕೊಂಡ ಮೇಲೆ ಮನೆಯೆಲ್ಲ ಜಾಲಾಡಿದರೂ ಸಿಗದಿದ್ದದ್ದು. ಜೇಬಿಗೆ ಕೈಹಾಕಿದರೆ ಮಂಜುಗಡ್ಡೆಯಂಥ ಕೀಲಿಯೊಂದು ಸಿಕ್ಕಿತು. ಬೀಗ ತೆರೆಯಿತು.

ಲಿಫ್ಟ್ ಒಂದಿಷ್ಟೂ ಕುಲುಕದೆ ಒಂಬತ್ತನೇ ಮಹಡಿ ಮುಟ್ಟಿತು. ನರ್ಸ್‌ಗಳು ಚಪ್ಪಾಳೆ ಹೊಡೆದರು. "ಗೆದ್ವಿ ಮಾವಾ!" ಎಂದು ನಾನು ಎಲ್ಲರೆದುರೇ ಕೂಗಿದೆ.

ಈಗ ಎಲ್ಲಿಗೆ ಹೋದರೂ ಅದೇ ಬೀಗ ಹಾಕುತ್ತೇನೆ. ಒಂದೇ ಸಲ ಜಗ್ಗುತ್ತೇನೆ. ಸದ್ದು ಮಾತ್ರ ಎರಡು ಸಲ ಬರುತ್ತದೆ.