ಹಿಮ್ಮಡಿಗೆ ಗೊತ್ತು

“ಏಡಿ ನೋಡ್ರೋ. ಕೋಟು ಹಾಕ್ಕೊಂಡಿರೋ ಏಡಿ,” ಎಂದ ಕೊಕ್ಕರೆ, ಇಡೀ ಕ್ಲಾಸಿಗೆ ಕೇಳುವಂತೆ. ಕ್ಲಾಸಿಗೆಲ್ಲ ಉದ್ದನೆಯ ಹುಡುಗ ಅವನು.

“ಏಡಿ ಅಡ್ಡಡ್ಡ ನಡೆಯೋದು ಕಣೋ,” ಎಂದಳು ಪಕ್ಕದ ಹುಡುಗಿ.

“ಇದು ಸರ್ಕಾರಿ ಏಡಿ. ಹಿಂದಕ್ಕೇ ಹೋಗೋದು.”

ಸಾಲಿಗೆ ಸಾಲೇ ಕಿಸಕ್ಕೆಂದಿತು. ಭವನ ತೋರಿಸುತ್ತಿದ್ದ ಗೈಡ್‌ಗೂ ಕೇಳಿಸಿತು. ಆದರೂ ಅವರು ಮುಖವನ್ನು ಮಕ್ಕಳ ಕಡೆ, ಬೆನ್ನನ್ನು ದಾರಿಯ ಕಡೆ ಮಾಡಿಕೊಂಡು, “ಬನ್ನಿ, ಹೀಗೆ ಬನ್ನಿ,” ಎನ್ನುತ್ತಾ ಹಿಂದಕ್ಕೆ ಹೆಜ್ಜೆ ಹಾಕುತ್ತಲೇ ಇದ್ದರು.

ಸಾಲಿನ ಕೊನೆಯಲ್ಲಿದ್ದ ಮೋಡನ ಕಿವಿ ಕೆಂಡವಾಯಿತು. ಸದಾ ಕಿಟಕಿಯಾಚೆ ನೋಡುತ್ತಾ ಕೂರುವುದಕ್ಕೆ ಮಿಸ್ ಅವನಿಗಿಟ್ಟ ಹೆಸರು ಅದು. ಆ ಗೈಡ್ ಅವನ ಅಪ್ಪ. ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ನಮ್ಮಪ್ಪ ಸರ್ಕಾರದಲ್ಲಿ ದೊಡ್ಡ ಆಫೀಸರ್,” ಎಂದು ಮೋಡ ಯಾವತ್ತೋ ಒಂದು ರೈಲು ಬಿಟ್ಟಿದ್ದ. ಆ ರೈಲು ಇವತ್ತು ಕ್ಲಾಸನ್ನೆಲ್ಲ ಹತ್ತಿಸಿಕೊಂಡು ಇಲ್ಲಿಗೇ ಬಂದು ನಿಂತಿತ್ತು.

ಬೆಳಿಗ್ಗೆ ಶೂ ಲೇಸ್ ಕಟ್ಟುತ್ತಾ ಅವನು ಕೇಳಿದ್ದ. “ಅಪ್ಪ, ಅಲ್ಲಿ ನನ್ನ ಗುರುತೇ ಇಲ್ಲದೋರ ಥರ ಇರ್ತೀಯಾ?”

ಕೋಟಿಗೆ ಬ್ರಷ್ ಹಾಕುತ್ತಿದ್ದ ಅಪ್ಪನ ಕೈ ನಿಂತಿತು. ಆಮೇಲೆ, “ಯಾರಪ್ಪ ನೀನು? ನಮ್ಮನೇಲಿ ಯಾಕೆ ತಿಂಡಿ ತಿಂದೆ?” ಎಂದರು. ಮೋಡ ನಕ್ಕುಬಿಟ್ಟಿದ್ದ. ಅಪ್ಪ ನಕ್ಕರೋ ಇಲ್ಲವೋ, ನೋಡಿರಲಿಲ್ಲ.

ಜನ ಆರಿಸಿ ಕಳಿಸಿದವರು ಕೂತು ಕಾನೂನು ಮಾಡುವ ಭವನ ಅದು. ಮಧ್ಯಾಹ್ನದ ಬಿಸಿಲು ಎತ್ತರದ ಗಾಜಿನಿಂದ ಇಳಿದು ಕಲ್ಲಿನ ನೆಲದ ಮೇಲೆ ನೀರಿನಂತೆ ನಿಂತಿತ್ತು. ಖಾಲಿ ಕುರ್ಚಿಗಳೆಲ್ಲ ಕೊಳದ ತಳದಲ್ಲಿ ಮಲಗಿದಂತಿದ್ದವು. ಆ ನೀರಿನ ಮೇಲೆ ಅಪ್ಪ ಹುಟ್ಟಿಲ್ಲದ ದೋಣಿಯ ಹಾಗೆ ಮೆಲ್ಲಗೆ ಹಿಂದಕ್ಕೆ ತೇಲುತ್ತಿದ್ದರು. ಎಲ್ಲರ ಮುಖವನ್ನೂ ನೋಡಿದಂತೆಯೇ ಮೋಡನ ಮುಖವನ್ನೂ ನೋಡಿ ಮುಂದಿನವರ ಕಡೆ ತಿರುಗುತ್ತಿದ್ದರು.

ಮನೆಯಲ್ಲೂ ಅಪ್ಪ ಅಡುಗೆಮನೆಯಿಂದ ಹೊರಬಾಗಿಲ ತನಕ ಹೀಗೇ ಪ್ರಾಕ್ಟೀಸ್ ಮಾಡುತ್ತಿದ್ದರು. ಪ್ರವಾಸಿಗಳು ಯಾರೆಂದರೆ ಅಮ್ಮ ಮತ್ತು ಮೋಡ.

“ಗೈಡ್ ಅವರೇ, ಇಲ್ಲಿ ಪಾತ್ರೆ ಯಾರು ತೊಳೀತಾರೆ?” ಎನ್ನುತ್ತಿದ್ದಳು ಅಮ್ಮ.

“ಆ ವಿಭಾಗ ನನ್ನದಲ್ಲ ಮೇಡಂ.”

“ಹಿಂದೆ ನೋಡದೆ ನಡೆದ್ರೆ ಬೀಳಲ್ವಾ ಅಪ್ಪ?” ಎಂದು ಮೋಡ ಒಮ್ಮೆ ಕೇಳಿದ್ದ.

“ನಾನು ಬೆನ್ನು ತಿರುಗಿಸಿದ್ರೆ ಕೊನೆಯವನು ಕಳೆದುಹೋಗ್ತಾನೆ ಕಂದ. ನನಗೇನು, ಹಿಮ್ಮಡಿಗೆ ಗೊತ್ತು. ಕಲ್ಲು ಹೋಗಿ ಕಾರ್ಪೆಟ್ ಬರತ್ತೆ, ಮೆತ್ತಗೆ. ಕಾರ್ಪೆಟ್ ಮುಗೀತು ಅಂದ್ರೆ ಮೆಟ್ಟಿಲು. ಅಲ್ಲಿ ನಿಲ್ಲೋದು.”

ಕಾರ್ಪೆಟ್. ಮೋಡ ನೆಲ ನೋಡಿದ. ಎಲ್ಲೆಲ್ಲೂ ಬರಿ ಕಲ್ಲು.

ಕಂಬದ ಮರೆಯಲ್ಲಿ ಕೆಂಪು ಕಾರ್ಪೆಟ್ ಸುರುಳಿ ಸುತ್ತಿಕೊಂಡು ನಿಂತಿತ್ತು. ಪಕ್ಕದಲ್ಲಿ ಬಕೆಟ್ಟು, ಬ್ರಷ್ಷು. ಊಟದ ಹೊತ್ತಿನಲ್ಲಿ ತೊಳೆಯಲು ತೆಗೆದಿದ್ದರು. ಊಟದ ನಂತರ ಬಂದ ಮೊದಲ ಗುಂಪು ಇವರದೇ.

ಅಪ್ಪನ ಹಿಮ್ಮಡಿ ಇನ್ನೂ ಮೆತ್ತನೆಯದನ್ನು ಕಾಯುತ್ತಿತ್ತು. ಕಾರ್ಪೆಟ್ಟೇ ಬಂದಿಲ್ಲ, ಮೆಟ್ಟಿಲು ಎಲ್ಲಿಂದ ಬರಬೇಕು? ನಗುತ್ತಾ, ಚಾವಣಿಯ ಚಿತ್ರ ತೋರಿಸುತ್ತಾ ಅವರು ಇನ್ನೊಂದು ಹೆಜ್ಜೆ ಹಿಂದಿಟ್ಟರು. ಬೆನ್ನ ಹಿಂದೆ ಕಡಿದಾದ ಮೆಟ್ಟಿಲ ಸಾಲು ಕೆಳಗಿಳಿದಿತ್ತು. ಎಲ್ಲರ ಕಣ್ಣೂ ಚಾವಣಿಯಲ್ಲಿತ್ತು.

“ಅಪ್ಪಾ! ಮೆಟ್ಟಿಲು!”

ಆ ಕೂಗು ಗುಮ್ಮಟಕ್ಕೆ ಹೋಗಿ ತಿರುಗಿ ಬಂತು. “ಅಪ್ಪಾ... ಅಪ್ಪಾ...” ಅಪ್ಪನ ಒಂದು ಹಿಮ್ಮಡಿ ಗಾಳಿಯಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಕಲ್ಲಿನ ಮೇಲೆ ಬಂತು.

ಎಲ್ಲರೂ ಮೋಡನ ಕಡೆ ತಿರುಗಿದರು.

ಅಪ್ಪ ಕೋಟು ಸರಿಮಾಡಿಕೊಂಡರು. “ಗಾಬರಿಯಾದ್ರೆ ಎಲ್ಲ ಮಕ್ಕಳೂ ಅಪ್ಪ ಅಂತಾನೇ ಕೂಗೋದು, ಅಲ್ವಾ?” ಎಂದರು. “ತುಂಬಾ ಥ್ಯಾಂಕ್ಸ್ ಕಣಪ್ಪ. ನಿನ್ನ ಹೆಸರೇನು?”

ಮಕ್ಕಳು ಗೊಳ್ಳೆಂದರು. ಮಿಸ್ ಕೂಡ ನಕ್ಕರು. ಮೋಡ ಮಾತ್ರ ನಗಲಿಲ್ಲ. ಬಿದ್ದೇಬಿಡುವುದರಲ್ಲಿದ್ದ ಮನುಷ್ಯ, ಬೆಳಿಗ್ಗೆ ಕೊಟ್ಟ ಮಾತನ್ನು ಮಾತ್ರ ಬೀಳಲು ಬಿಟ್ಟಿರಲಿಲ್ಲ.

ಹೊರಗೆ ಬಸ್ಸು ಗುರುಗುಟ್ಟುತ್ತಿತ್ತು. ಅಪ್ಪ ದೊಡ್ಡ ಬಾಗಿಲ ಬಳಿ ನಿಂತು ಎಲ್ಲರಿಗೂ ಕೈ ಬೀಸುತ್ತಿದ್ದರು. ಆ ಬಾಗಿಲ ಮುಂದೆ ಅವರು ಬೆರಳುದ್ದ ಕಾಣುತ್ತಿದ್ದರು.

ಕೊಕ್ಕರೆ ಮೋಡನ ಹೆಗಲಿಗೆ ಹೆಗಲು ತಾಗಿಸಿದ. “ಲೋ, ನಿಜ ಹೇಳು. ಆ ಏಡಿ ನಿಮ್ಮಪ್ಪನೇ ತಾನೇ?”

ನಾಲ್ಕಾರು ಜನ ಕಿವಿ ನಿಮಿರಿಸಿ ನಿಂತರು.

ಮೋಡ ಬಾಗಿಲ ಕಡೆಗೆ ಮುಖ ಮಾಡಿ, ಬಸ್ಸಿನ ಕಡೆಗೆ ಬೆನ್ನು ಮಾಡಿ, ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಆಮೇಲೆ ಇನ್ನೊಂದು. ದೂರದಲ್ಲಿ ಬೀಸುತ್ತಿದ್ದ ಕೈ ತಟಕ್ಕನೆ ನಿಂತಿತು.

ಹಿಮ್ಮಡಿಗೆ ಮೊದಲು ಹುಲ್ಲು ಸಿಕ್ಕಿತು, ಆಮೇಲೆ ಜಲ್ಲಿ, ಆಮೇಲೆ ಬಿಸಿ ಡಾಂಬರು. ಅವನು ಒಂದು ಸಲವೂ ತಿರುಗಿ ನೋಡಲಿಲ್ಲ.