ಪಟಾಕಿ ಮತ್ತು ಕಿತ್ತಳೆ ಬಣ್ಣದ ಪ್ಲಗ್ಗು

“ಏ ಸೂಜಿ, ಟಾರ್ಚು ಇನ್ನೊಂಚೂರು ಎಡಕ್ಕೆ! ಹಾಂ, ಅಲ್ಲೇ. ಭೇಷ್! ನಿನ್ನಂಥವಳು ಒಬ್ಬಳಿದ್ರೆ ಸಾಕು ನೋಡು.”

ಅಮ್ಮನ ಮಾತು ಕೇಳಿ ಪಟಾಕಿಗೆ ಮೈಯೆಲ್ಲ ಉರಿದು ಹೋಯ್ತು. ಮೂಗಿನ ತುದೀಲೇ ಕೋಪ, ಅದಕ್ಕೇ ಮನೆಯವರೆಲ್ಲ ಅವಳನ್ನ ಪಟಾಕಿ ಅಂತಿದ್ರು. ಈಗ ಅವಳ ಹೊಟ್ಟೆ ಮೇಲೊಂದು ಪಾತ್ರೆ ಇಟ್ಟಿದ್ರೆ ನೀರು ಕೊತಕೊತ ಕುದ್ದು, ಮುಚ್ಚಳ ಹಾರಿ ಪಕ್ಕದ ಬೀದೀಲಿ ಬೀಳ್ತಿತ್ತು. ಅಂಥ ಹೊಟ್ಟೆಕಿಚ್ಚು!

ಶೆಡ್ಡನ್ನೆಲ್ಲ ಒಂದೇ ಕಾರು ತುಂಬಿಕೊಂಡಿತ್ತು. ಪಟಾಕಿ ಬಾಗಿಲ ಪಕ್ಕ ಸ್ಟೂಲ್ ಮೇಲೆ ಕೂತಿದ್ಲು.

ಅಮ್ಮನದು ಸುಟ್ಟುಹೋದ ಮೋಟರಿಗೆ ಹೊಸ ತಂತಿ ಸುತ್ತೋ ಕೆಲಸ. ಬೀದಿಯ ಫ್ಯಾನು, ಪಂಪು ಎಲ್ಲ ತಿರುಗೋದು ಅವಳ ಕೈಯಿಂದಾನೇ. “ಇಷ್ಟೆಲ್ಲ ತಿರುಗಿಸಿದೀನಿ, ಇನ್ನು ನಾಲ್ಕು ಚಕ್ರ ತಿರುಗಿಸೋಕಾಗಲ್ವಾ?” ಅಂತ ಒಂದು ದಿನ ಹಳೇ ಕಾರೊಂದನ್ನ ಕೊಂಡು ತಂದೇ ಬಿಟ್ಲು. ಆ ಕಾರು ಬಿಡ್ತಿದ್ದ ಹೊಗೆ ಎಂಥದು ಅಂತೀರಿ? ಹಿಂದೆ ಹೋದ ಬಿಳಿ ಬೆಕ್ಕು ಕರಿ ಬೆಕ್ಕಾಗಿ ಮನೆ ಸೇರ್ತಿತ್ತು. ಮನೆಯವರು ಗುರುತು ಸಿಗದೆ “ಶೂ” ಅಂತ ಓಡಿಸ್ತಿದ್ರು!

ಅಮ್ಮ ಇಂಜಿನ್ ಕಿತ್ತಳು. ಮುಂದಿನ ಭಾರ ಹೋಗಿದ್ದೇ ತಡ, ಕಾರು ಮೂತಿ ಎತ್ತಿ ಆಕಾಶ ನೋಡ್ತಾ ನಿಂತಿತು. ಇಂಜಿನ್ ಜಾಗದಲ್ಲಿ ಕರೆಂಟಿನ ಮೋಟರ್ ಕೂರಿಸಿದ ಮೇಲೇ ಅದು ತಲೆ ತಗ್ಗಿಸಿದ್ದು. ಈಗ ಡಿಕ್ಕೀಲಿ ಬ್ಯಾಟರಿಗಳನ್ನ ಒಂದಕ್ಕೊಂದು ಜೋಡಿಸೋ ಕೆಲಸ ನಡೀತಿತ್ತು.

ಮೊದಲೆಲ್ಲ ಟಾರ್ಚು ಹಿಡಿಯೋಳು ಪಟಾಕಿ. ಸ್ಪ್ಯಾನರ್ ಕೊಡೋಳು ಪಟಾಕಿ. ಅಷ್ಟರಲ್ಲಿ ರಜಕ್ಕೆ ಅಂತ ಚಿಕ್ಕಮ್ಮನ ಮಗಳು ಬಂದ್ಲು. ಸಣ್ಣ ಕಡ್ಡಿ ಕೈ, ಅದಕ್ಕೇ ಸೂಜಿ. ಸೀಟಿನ ಕೆಳಗಿನ ಸಂದೀಲಿ ಕೈ ತೂರಿಸಿ, ಯಾರಿಗೂ ಸಿಗದ ವೈರನ್ನ ಬಾಲ ಹಿಡಿದು ಎಳ್ಕೊಂಡು ಬಂದ್ಲು ನೋಡಿ, ಅಮ್ಮ ಅವಳ ತಲೆ ಸವರಿಬಿಟ್ಲು. ಆವತ್ತಿಂದ ಟಾರ್ಚು ಸೂಜಿ ಪಾಲು.

ಪಟಾಕಿ ಪಾಲಿಗೆ ಸೋಪಿನ ಗಾತ್ರದ, ಕಿತ್ತಳೆ ಬಣ್ಣದ ಒಂದು ಪ್ಲಗ್ಗು.

“ಇದನ್ನ ಕಿತ್ತರೆ ಬ್ಯಾಟರಿಗಳ ನಡುವೆ ಕರೆಂಟಿನ ದಾರಿ ಕಟ್ ಆಗುತ್ತೆ, ಮತ್ತೆ ಸಿಕ್ಕಿಸಿದ್ರೆ ಶಾಕ್ ಹೊಡೆಯುತ್ತೆ,” ಅಂತ ಅಮ್ಮ ಬಳೆ, ಸರ ಎಲ್ಲ ಬಿಚ್ಚಿಟ್ಟು, ರಬ್ಬರ್ ಗ್ಲೌಸ್ ಹಾಕ್ಕೊಳ್ತಾ ಹೇಳಿದ್ಲು. “ನನ್ನ ಕೈ ಒಳಗಿರೋವರೆಗೂ ಇದು ನಿನ್ನ ಹತ್ರಾನೇ ಇರ್ಬೇಕು. ನೀನು ನನ್ನ ಎದುರಿಗೇ ಕೂತಿರ್ಬೇಕು. ಯಾರು ಕೇಳಿದ್ರೂ ಕೊಡಕೂಡದು.”

ಪಟಾಕಿ ನಂಬಲಿಲ್ಲ. ಅಳೋ ಮಗು ಕೈಗೆ ಸೌಟು ಕೊಟ್ಟು ಕೂರಿಸ್ತಾರಲ್ಲ, ಹಾಗೇ ಇದು. ಆಟಕ್ಕುಂಟು ಲೆಕ್ಕಕ್ಕಿಲ್ಲ!

“ಅಮ್ಮಾ, ನಾನೂ ಟಾರ್ಚ್ ಹಿಡೀಲಾ?”

“ನೀನು ಅಲ್ಲೇ ಕೂತಿರು ಪುಟ್ಟಾ.”

“ದೊಡ್ಡಮ್ಮ, ಶಾಕ್ ಹೊಡೀದ ಹಾಗೆ ಈ ಸ್ಪ್ಯಾನರಿಗೆ ಟೇಪ್ ಸುತ್ತಿದೀನಿ, ನೋಡಿ,” ಅಂದ್ಲು ಸೂಜಿ.

“ಅಬ್ಬಬ್ಬಾ! ಅಂಗಡೀಲಿ ಸುತ್ತಿದ ಹಾಗಿದೆ!”

ಅಮ್ಮ ಅತ್ತ ತಿರುಗಿದ್ದೇ ಸಾಕು. ಪಟಾಕಿ ಪ್ಲಗ್ಗನ್ನ ಸ್ಟೂಲ್ ಮೇಲಿಟ್ಟು, ಸದ್ದಿಲ್ಲದೆ ಬೀದಿಗೆ ನಡೆದುಬಿಟ್ಲು. ಸೂಜಿಯಂತೆ ಸೂಜಿ! ಅವಳನ್ನೇ ಮಗಳು ಮಾಡ್ಕೊಳ್ಳಲಿ. ನಾನು ಇದೀನೋ ಇಲ್ವೋ ಅಂತ ಯಾರು ನೋಡ್ತಾರೆ?

ಬೀದಿ ತಿರುವಿನಲ್ಲಿ ಕಟಿಂಗ್ ಶಾಪ್ ಮಾವ ಎದುರಾದ. ಬೀದಿಗೆಲ್ಲ ಅವನು ಮಾವನೇ. ಒಳ್ಳೇ ಮನುಷ್ಯ, ಆದ್ರೆ ಬೆರಳು ಸುಮ್ನಿರಲ್ಲ. ಬಟನ್ ಕಂಡ್ರೆ ಒತ್ತಬೇಕು, ತೂತು ಕಂಡ್ರೆ ಏನಾದ್ರೂ ತೂರಿಸಬೇಕು. ಒಂದ್ಸಲ ಬ್ಯಾಂಕಿನಲ್ಲಿ ಕೆಂಪು ಬಟನ್ ಒತ್ತಿ, ಪೊಲೀಸರ ಜೀಪಲ್ಲೇ ಮನೆಗೆ ಬಂದಿದ್ದ.

“ಏನೇ ಪಟಾಕಿ, ನಿಮ್ಮಮ್ಮನ ಕಾರು ಎದ್ದು ಕೂತಿದ್ಯಾ? ನಾನೂ ಒಂಚೂರು ಕೈಯಾಡಿಸ್ಕೊಂಡು ಬರ್ತೀನಿ.”

“ಹೋಗಿ, ನನಗೇನು!” ಅಂದ್ಲು ಪಟಾಕಿ.

ಇನ್ನೂ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಗಕ್ಕನೆ ನಿಂತುಬಿಟ್ಲು. ಪ್ಲಗ್ಗು ಸ್ಟೂಲ್ ಮೇಲಿದೆ. ಸ್ಟೂಲ್ ಬಾಗಿಲ ಪಕ್ಕದಲ್ಲೇ ಇದೆ. ಪ್ಲಗ್ಗು ಸೇರಿಸೋ ತೂತು ಡಿಕ್ಕಿ ಅಂಚಿನಲ್ಲಿ, ಬಾ ಬಾ ಅಂತ ಕರೀತಿದೆ. ಅಮ್ಮನ ಕೈ ಒಳಗಿದೆ.

“ಮಾವಾ! ನಿಲ್ಲಿ! ಮಾವಾ!”

ಮಾವ ಆಗಲೇ ಗೇಟು ದಾಟಿದ್ದ. ಪಟಾಕಿ ಓಡಿದ್ಲು ನೋಡಿ, ಚಪ್ಪಲಿಗಳು ಅವಳ ಜೊತೆ ಓಡೋಕಾಗದೆ ದಾರೀಲೇ ಕೂತುಬಿಟ್ಟವು! ಗೇಟು ಗುದ್ದಿಕೊಂಡು, ಮೊಣಕೈ ತರಚಿಕೊಂಡು ಶೆಡ್ಡಿನೊಳಗೆ ಬಿದ್ಲು.

ಮಾವನ ಕೈಯಲ್ಲಿ ಕಿತ್ತಳೆ ಬಣ್ಣದ ಪ್ಲಗ್ಗು!

“ಇದೇನು ಸೋಪಾ? ಓ, ಇದನ್ನ ಇಲ್ಲಿ ಸಿಕ್ಕಿಸೋದಾ…”

“ಅಮ್ಮಾ! ಕೈ ತೆಗಿ!”

ಕೂಗಿದ ಮೇಲೇ ಅವಳು ನೋಡಿದ್ದು. ಅಮ್ಮ ಡಿಕ್ಕಿ ಹತ್ರ ಇರಲೇ ಇಲ್ಲ. ಗೋಡೆಗೊರಗಿ, ಎರಡೂ ಕೈ ಮಡಿಲಲ್ಲಿಟ್ಟು ನೆಲದ ಮೇಲೆ ಕೂತಿದ್ಲು. ಸೂಜಿ ಟಾರ್ಚು ಆರಿಸಿ ಪಕ್ಕದಲ್ಲಿ ಕೂತಿದ್ಲು.

“ಮಾವ, ಅಲ್ಲೇ ನಿಲ್ಲಿ. ಅದನ್ನ ಅವಳ ಕೈಗೆ ಕೊಡಿ,” ಅಂದ್ಲು ಅಮ್ಮ.

ಮಾವ ಬಿಸಿ ಕೆಂಡ ಹಿಡಿದವನ ಹಾಗೆ ಪ್ಲಗ್ಗನ್ನ ಪಟಾಕಿ ಕೈಗಿಟ್ಟ. “ನಾನು ಬರೀ ನೋಡ್ತಿದ್ದೆ ಕಣಮ್ಮ,” ಅಂತ ಬೆರಳುಗಳನ್ನ ಜೇಬಿಗೆ ತುರುಕಿಕೊಂಡ.

“ಅಮ್ಮಾ… ಕೆಲಸ ಯಾಕೆ ನಿಲ್ಲಿಸ್ದೆ?” ಪಟಾಕಿಗೆ ಉಸಿರೇ ಸಿಗ್ತಿರಲಿಲ್ಲ.

ಉತ್ತರ ಕೊಟ್ಟಿದ್ದು ಸೂಜಿ. “ದೊಡ್ಡಮ್ಮ ಕೈ ಹಾಕೋಕೆ ಮುಂಚೆ ಪ್ರತಿ ಸಲ ನಿನ್ನ ನೋಡ್ತಾರಲ್ಲ. ನೋಡಿದ್ರು, ನೀನಿರಲಿಲ್ಲ. ಆಗಿಂದ ಹೀಗೇ ಕೂತಿದೀವಿ. ಆ ಪ್ಲಗ್ಗು ನಾನು ಹಿಡ್ಕೋತೀನಿ ಅಂತ ಮೊನ್ನೇನೇ ಕೇಳಿದ್ದೆ ಕಣೇ. ಕೊಡಲ್ಲ ಅಂದ್ರು.”

ಸೂಜಿ ಮುಖ ಸ್ವಲ್ಪ ಊದಿಕೊಂಡಿತ್ತು. ಆ ಊದಿದ ಮುಖ ಪಟಾಕಿಗೆ ಚೆನ್ನಾಗಿ ಗೊತ್ತಿತ್ತು. ಬೆಳಗಿಂದ ಅದೇ ಮುಖ ಹೊತ್ಕೊಂಡು ಅವಳೇ ತಿರುಗ್ತಿದ್ಲಲ್ಲ!

ಅಮ್ಮ ಬೈಯಲಿಲ್ಲ. ಪಟಾಕಿ ಮೊಣಕೈ ತಿರುಗಿಸಿ ನೋಡಿ, ನೀರಲ್ಲಿ ತೊಳೆದ್ಲು. ಆಮೇಲೆ ಕೇಳಿದ್ಲು, “ಮುಂದುವರಿಸೋಣ್ವಾ? ಇಲ್ಲಾ ಇವತ್ತಿಗೆ ಸಾಕಾ? ನೀನು ಹೇಳಿದ ಹಾಗೆ.”

ಪಟಾಕಿ ಹೋಗಿ ಸ್ಟೂಲ್ ಮೇಲೆ ಕೂತ್ಲು. ಪ್ಲಗ್ಗನ್ನ ಜೇಬಿಗೆ ಹಾಕಿ, ಜೇಬಿನ ಮೇಲೆ ಕೈಯಿಟ್ಲು.

ಅಮ್ಮ ಗ್ಲೌಸ್ ಹಾಕಿಕೊಂಡ್ಲು. ತಲೆ ಎತ್ತಿ ಅವಳನ್ನ ನೋಡಿದ್ಲು. ಪಟಾಕಿ ಹೂಂ ಅಂತ ತಲೆಯಾಡಿಸಿದ್ಲು. ಕೈ ಒಳಗೆ ಹೋಯ್ತು. ಒಂದು ಬೋಲ್ಟ್ ಬಿಗಿಯಾಯ್ತು, ಕೈ ಈಚೆ ಬಂತು. ಮತ್ತೆ ಅಮ್ಮ ತಲೆ ಎತ್ತಿ ನೋಡಿದ್ಲು.

“ದೊಡ್ಡಮ್ಮ, ಬೆಳಕು ಸರಿಯಾಗಿ ಬೀಳ್ತಿದ್ಯಾ?” ಸೂಜಿ ಕೇಳಿದ್ಲು.

“ಸರಿಯಾಗಿದೆ ಕಣೆ,” ಅಂದ್ಲು ಅಮ್ಮ.

ಅಷ್ಟರಲ್ಲಿ ಒಂದು ಸೊಳ್ಳೆ ಗುಂಯ್ ಅಂತ ಬಂದು ಪಟಾಕಿ ಮೂಗಿನ ತುದಿ ಮೇಲೆ ಆರಾಮಾಗಿ ಕೂತಿತು. ಇಂಜೆಕ್ಷನ್ ಕೊಟ್ಟಂಗೆ ಕಚ್ಚಿತು. ಪಟಾಕಿ ಕಣ್ಣು ಕೂಡ ಮಿಟುಕಿಸಲಿಲ್ಲ. ಅಮ್ಮನ ಕೈ ಒಳಗಿತ್ತು.