ಲೂಷಸ್ ಮೇಬ್ರಿಯ ಎಪ್ಪತ್ತೆರಡು ಅಂಕ

1994ರ ಜನವರಿ 31, ಸೋಮವಾರ. ಬೆಳಿಗ್ಗೆ 7.40ಕ್ಕೆ ಅಲಬಾಮಾದ ಟಲ್ಮಜ್ ಫೆರಿ ಪೊಲೀಸ್ ಠಾಣೆಗೆ ಊರಿನ ಹೈಸ್ಕೂಲಿನ ಮುಖ್ಯೋಪಾಧ್ಯಾಯ ರಾಯ್ಸ್ ಹಡಲ್‌ಸ್ಟನ್ ಟೈ ಕೂಡ ಕಟ್ಟಿಕೊಳ್ಳದೆ ಬಂದರು. ತಮ್ಮ ಕಚೇರಿಯ ಬಾಗಿಲು ಮುರಿದಿದೆ, ಕಬ್ಬಿಣದ ಬೀರುವಿನಿಂದ ಒಂದು ಕಡತ ಕಳುವಾಗಿದೆ ಎಂದು ದೂರು ಬರೆದುಕೊಟ್ಟರು. ಕಾನ್‌ಸ್ಟೆಬಲ್ ಲರ್ಲೀನ್ ಗಾಡ್ಸಿ ಅದಕ್ಕೆ 94-031 ಎಂದು ಸಂಖ್ಯೆ ಹಾಕಿ ಎಫ್ಐಆರ್ ದಾಖಲಿಸತೊಡಗಿದಳು.

"ಯಾರ ಕಡತ ಸಾರ್?"

"ಲೂಷಸ್ ಮೇಬ್ರಿದು."

ಗಾಡ್ಸಿಯ ಪೆನ್ನು ನಿಂತಿತು. ಆ ಹೆಸರಿಗೆ ಈ ಊರಿನಲ್ಲಿ ಪೆನ್ನೇನು, ಎದುರಿಗೆ ಬರುವ ಲಾರಿಯೂ ನಿಲ್ಲುತ್ತದೆ. ಹದಿನೆಂಟು ವರ್ಷ, ನೂರಾ ಮೂವತ್ತು ಕಿಲೋ, ಶಾಲೆಯ ಫುಟ್‌ಬಾಲ್ ತಂಡದ ಮುಂದಿನ ಸಾಲಿನ ಆಟಗಾರ. ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸಲು ಎದುರಾಳಿಗಳನ್ನು ತಳ್ಳುವುದು ಅವನ ಕೆಲಸ. ಬುಧವಾರ ಬೆಳಿಗ್ಗೆ ಎಂಟಕ್ಕೆ ಶಾಲೆಯ ಜಿಮ್ಮಿನಲ್ಲಿ, ಟಿವಿಯವರ ಎದುರು, ಮೇಜಿನ ಮೇಲಿಟ್ಟ ಎರಡು ಕಾಲೇಜುಗಳ ಟೋಪಿಗಳಲ್ಲಿ ಒಂದನ್ನು ತಲೆಗಿಟ್ಟುಕೊಂಡು ಅವನು ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು. ಹಸಿರೋ, ಹಳದಿಯೋ. ಯಾವುದಾದರೂ ನಾಲ್ಕು ವರ್ಷ ಓದು, ಊಟ, ವಸತಿ ಪುಕ್ಕಟೆ. ಆದರೆ ಹೈಸ್ಕೂಲಿನ ಅಂಕಗಳು ಇಂತಿಷ್ಟಿರಬೇಕೆಂಬ ನಿಯಮವುಂಟು, ಅದನ್ನು ನೋಡುವ ಅರ್ಹತಾ ಕಚೇರಿಯೂ ಉಂಟು. ಕಳುವಾದ ಕಡತದಲ್ಲಿದ್ದದ್ದು ಆ ಕಚೇರಿಗೆ ಹೋಗಬೇಕಿದ್ದ ಅಂಕಪಟ್ಟಿ.

"ಇದು ಹಳದಿಯವರದೇ ಕಿತಾಪತಿ. ನಮ್ಮ ಹುಡುಗ ಹಸಿರಿಗೆ ಹೋಗ್ತಾನೆ ಅಂತ ಹೊಟ್ಟೆಕಿಚ್ಚು," ಎಂದರು ಹಡಲ್‌ಸ್ಟನ್.

8.25ಕ್ಕೆ ಇನ್ಸ್‌ಪೆಕ್ಟರ್ ಹೋರೇಸ್ ಪೆಟ್‌ವೇ ಗಾಡ್ಸಿಯೊಂದಿಗೆ ಸ್ಥಳಕ್ಕೆ ಹೋದರು. ಜವಾನನನ್ನೂ ಟೈಪಿಂಗ್ ಟೀಚರನ್ನೂ ಪಂಚರನ್ನಾಗಿ ನಿಲ್ಲಿಸಿ ಪಂಚನಾಮೆ ಶುರು ಮಾಡಿದರು. ಟಿವಿಯವರು ಬರುತ್ತಾರೆಂದು ಶನಿವಾರ ಸಂಜೆ ಬಾಗಿಲಿಗೆ ಹಸಿರು ಬಣ್ಣ ಬಳಿದಿದ್ದರು. ಹುಡುಗ ಯಾವ ಟೋಪಿ ಎತ್ತಬೇಕೆಂದು ಬಾಗಿಲಿಗೂ ಹೇಳಿಕೊಟ್ಟಾಗಿತ್ತು. ಪೂರ್ತಿ ಒಣಗದ ಆ ಬಣ್ಣದ ಮೇಲೆ ಎರಡು ಅಂಗೈ ಗುರುತುಗಳು ಮೂಡಿದ್ದವು. ಬೆರಳಚ್ಚು ಸಿಗಲಿಲ್ಲ, ಬಂದವನು ಕೈಗವಸು ಹಾಕಿದ್ದ. ಚಿಲಕ ಕಿತ್ತು ಒಳಗೆ ಬಿದ್ದಿತ್ತು.

ಸಾಮಾನ್ಯ ಕಳ್ಳ ಬಾಗಿಲಿಗೆ ಭುಜ ಕೊಡುತ್ತಾನೆ, ಇಲ್ಲವೇ ಒದೆಯುತ್ತಾನೆ. ಇಲ್ಲಿ ಗುರುತುಗಳಿದ್ದದ್ದು ಹೊಟ್ಟೆಯ ಮಟ್ಟದಲ್ಲಿ, ಒಂದರ ಪಕ್ಕ ಒಂದು, ಎರಡೂ ಹೆಬ್ಬೆರಳುಗಳು ಮೇಲ್ಮುಖವಾಗಿ. ಪೆಟ್‌ವೇ ಬಗ್ಗಿ ಮಂಡಿ ಮಡಚಿ ತಮ್ಮ ಅಂಗೈಗಳನ್ನು ಆ ಗುರುತುಗಳ ಎದುರು ಹಿಡಿದು ನೋಡಿದರು. ಕಾಲೇಜಿನಲ್ಲಿ ಮೂರು ವರ್ಷ ಅದೇ ಮುಂದಿನ ಸಾಲಿನಲ್ಲಿ ಆಡಿ ಎಡಮಂಡಿ ಹಾಳುಮಾಡಿಕೊಂಡವರು ಅವರು.

"ಏಳೋಕೆ ಕ್ರೇನ್ ತರಿಸ್ಲಾ ಸಾರ್?" ಎಂದಳು ಗಾಡ್ಸಿ.

"ಬಾಯ್ಮುಚ್ಚಿ ಅಳತೆ ಬರ್ಕೋ. ನೆಲದಿಂದ ಮೂವತ್ತೆಂಟು ಇಂಚು. ಹೆಬ್ಬೆರಳು ಮೇಲೆ, ಮೊಣಕೈ ಒಳಗೆ. ಈ ಜಿಲ್ಲೇಲಿ ಹುಡುಗರಿಗೆ ಹಿಂಗೆ ತಳ್ಳೋದು ಹೇಳ್ಕೊಡೋನು ಒಬ್ನೇ."

"ಕೋಚ್ ಕ್ರಂಪ್ಟನ್."

"ಹಳದಿಯೋರು ಇದನ್ನ ಕಲಿಯೋಕೆ ಬಂದಿಲ್ಲ."

ಪಂಚನಾಮೆ ಮುಗಿದಾಗ 10.05. ಮಧ್ಯಾಹ್ನ 12.15ಕ್ಕೆ ಕೋಚ್ ಬಡ್ ಕ್ರಂಪ್ಟನ್ ತಾನಾಗಿಯೇ ಠಾಣೆಗೆ ಬಂದ. ಹದಿನಾರು ವರ್ಷದಿಂದ ತಂಡ ನಡೆಸುತ್ತಿರುವವನು. ಊರಿನ ಮೇಯರನ್ನು ಜನ ಹೆಸರು ಹಿಡಿದು ಕೂಗುತ್ತಾರೆ, ಇವನನ್ನು ಅವನ ಹೆಂಡತಿಯೂ ಕೋಚ್ ಎನ್ನುತ್ತಾಳೆ.

"ರಾಯ್ಸ್ ಆತುರಗಾರ. ನನ್ನ ಕೇಳ್ದೆ ಬಂದ್ಬಿಟ್ಟ. ಆ ದೂರು ವಾಪಸ್ ತಗೊಳ್ತೀವಿ ಹೋರೇಸ್. ಫೈಲು ಎಲ್ಲೋ ಅಲ್ಲೇ ಬಿದ್ದಿರುತ್ತೆ."

"ಬಾಗಿಲು?"

"ಗಾಳಿಗೆ ಮುರೀತು."

"ಆ ಗಾಳಿಗೆ ಎರಡು ಕೈ ಇತ್ತು ಕೋಚ್. ಹೆಬ್ಬೆರಳು ಮೇಲಿತ್ತು."

ಕ್ರಂಪ್ಟನ್ ಕುರ್ಚಿ ಹತ್ತಿರ ಎಳೆದುಕೊಂಡ.

"ಬುಧವಾರದ ತನಕ ಸುಮ್ನಿರು ಮಾರಾಯ. ಪಟ್ಟಿ ಇನ್ನೊಂದು ಟೈಪ್ ಮಾಡಿಸಿದ್ರಾಯ್ತು."

"ಮೊದಲಿನದನ್ನ ಟೈಪ್ ಮಾಡಿಸಿದ್ದು ಯಾರು?"

"ನಾನೇ."

"ಅಂಕಪಟ್ಟಿ ಕೋಚ್ ಯಾಕೆ ಮಾಡಿಸ್ಬೇಕು?"

"ಹುಡುಗನ ಒಳ್ಳೇದಕ್ಕೆ. ನೀನೂ ಆಡ್ದೋನು, ನಿಂಗೆ ಹೇಳ್ಬೇಕಾ?"

ಆಡಿದವನಾದ್ದರಿಂದಲೇ ಪೆಟ್‌ವೇಗೆ ಮೈಯೆಲ್ಲ ಉರಿಯಿತು. ದೂರು ವಾಪಸಾಗುವುದಿಲ್ಲ ಎಂದಷ್ಟೇ ಹೇಳಿ ಎದ್ದರು. ಒಂದು ಗಂಟೆಗೆ ಶಾಲೆಗೆ ಹೋಗಿ ಟೈಪಿಂಗ್ ಟೀಚರ ಬಳಿಯಿದ್ದ ಕಾರ್ಬನ್ ಪ್ರತಿಯನ್ನು ರಸೀದಿ ಕೊಟ್ಟು ವಶಪಡಿಸಿಕೊಂಡರು.

ಕೃತ್ಯ ನಡೆದ ಸಮಯ ಕಷ್ಟದ ಪ್ರಶ್ನೆಯಾಗಲಿಲ್ಲ. ಶನಿವಾರ ರಾತ್ರಿಯಿಂದ ಭಾನುವಾರ ಬೆಳಿಗ್ಗೆ ಹತ್ತರವರೆಗೆ ಜಿಮ್ಮಿನಲ್ಲಿ ಅಲಂಕಾರದವರಿದ್ದರು, ಮಧ್ಯಾಹ್ನ ಒಂದರಿಂದ ಸೋಮವಾರ ಬೆಳಗಿನವರೆಗೆ ಮತ್ತೆ ಇದ್ದರು. ನಡುವೆ ಎಲ್ಲರೂ ಚರ್ಚಿಗೆ ಹೋಗಿದ್ದರು. ಭಾನುವಾರ ಹನ್ನೊಂದಕ್ಕೆ ಈ ಊರಿನ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಕಳ್ಳನಿಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ, ಅದಕ್ಕಿಂತ ಕೆಟ್ಟ ಹೊತ್ತೂ ಇಲ್ಲ. ಯಾರು ಚರ್ಚಿಗೆ ಬಂದಿಲ್ಲವೆಂದು ಇಡೀ ಊರು ಲೆಕ್ಕ ಇಟ್ಟಿರುತ್ತದೆ.

ಮುಂದಿನ ಸಾಲಿನಲ್ಲಿ ಆಡುವವರು ಐವರು. ನಾಲ್ವರು ತಂತಮ್ಮ ಚರ್ಚುಗಳಲ್ಲಿ ಇದ್ದರೆಂದು ಗಾಡ್ಸಿ ಮೂರು ಗಂಟೆಯೊಳಗೆ ಖಚಿತಪಡಿಸಿಕೊಂಡಳು. ಐದನೆಯವನ ಬಗ್ಗೆ ಹೇಳಲು ಮೌಂಟ್ ಗಿಲಿಯಡ್ ಚರ್ಚಿನ ಅಡುಗೆಮನೆಯಲ್ಲಿ, ಅಲ್ಲಿನವರೆಲ್ಲ ಸಿಸ್ಟರ್ ಎಂದು ಕರೆಯುವ ಐಡಾ ಬೆಲ್ ಸ್ಟೋವಾಲ್ ಸಿಕ್ಕಳು. ಮೂವತ್ತು ವರ್ಷದಿಂದ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರ ಬೆನ್ನು ನೋಡುತ್ತಿರುವ ಮುದುಕಿ.

"ಲೂಷಸ್ ಹಾಡೋಕೆ ಬಂದಿದ್ನಾ ಅಮ್ಮ?"

"ಎಲ್ಲಿ ಬಂದ? ದಪ್ಪ ದನಿಯೋರ ಸಾಲಲ್ಲಿ ಅವನು ನಿಲ್ಲೋ ಜಾಗ ಗೇಟಿನಷ್ಟು ಖಾಲಿ ಇತ್ತು. ಅವನಜ್ಜಿ ಆರ್ಜಿ, ಜ್ವರ ಅಂದ್ಳು."

"ಇರಬಹುದಲ್ವಾ?"

"ಜ್ವರ ಬಂದೋನು ಒಂದೂವರೆಗೆ ಊಟಕ್ಕೆ ಬಂದು ಮೂರು ತಟ್ಟೆ ಹುರಿದ ಕೋಳಿ ತಿಂದ ಕಣಮ್ಮ. ಅದೆಂಥಾ ಜ್ವರ, ನೀನೇ ಹೇಳು."

ಫೆಬ್ರವರಿ 1, ಮಂಗಳವಾರ, ಬೆಳಿಗ್ಗೆ 9.10. ಪೆಟ್‌ವೇ ಇಂಗ್ಲಿಷ್ ಅಧ್ಯಾಪಕಿ ಮಿಸ್ ವರ್ನೀಸ್ ಟಾಲಿವರ್ ಅವರನ್ನು ತರಗತಿಯಲ್ಲೇ ಭೇಟಿಯಾದರು. ಅರವತ್ತಮೂರು ವರ್ಷ, ಜೂನಿನಲ್ಲಿ ನಿವೃತ್ತಿ. ಮುಖ್ಯೋಪಾಧ್ಯಾಯರು ಆಗಲೇ ಹೊಸ ರಾಗ ತೆಗೆದಿದ್ದರು: ಹಳದಿಯವರಲ್ಲ, ಈ ಹೆಂಗಸೇ ಹುಡುಗನ ತಲೆ ಕೆಡಿಸಿರಬೇಕು ಎಂದು.

ಪೆಟ್‌ವೇ ಕಾರ್ಬನ್ ಪ್ರತಿ ಮುಂದಿಟ್ಟರು. ಇಂಗ್ಲಿಷಿಗೆ 91 ಎಂದಿತ್ತು. ಕಲಿಸಿದವರ ಜಾಗದಲ್ಲಿ ಬರ್ಮಿಂಗ್‌ಹ್ಯಾಮಿನ ಯಾವುದೋ ಬೇಸಿಗೆ ತರಗತಿಯ ಯಾರದೋ ಹೆಸರಿತ್ತು.

"ಇದು ನಿಮ್ಮ ಅಂಕಾನಾ?"

ಟಾಲಿವರ್ ಕನ್ನಡಕ ಏರಿಸಿ ಓದಿದರು. ಕಾಗದವನ್ನು ಮಗುಚಿ ಮೇಜಿನ ಮೇಲಿಟ್ಟರು.

"ಬೇಸಿಗೇಲಿ ಅವನು ಬರ್ಮಿಂಗ್‌ಹ್ಯಾಮಿಗೆ ಹೋಗೇ ಇಲ್ಲ. ಈ ರೂಮಲ್ಲಿ ಇದೇ ಬೆಂಚಲ್ಲಿ ಕೂತಿದ್ದ."

ಡ್ರಾಯರಿನಿಂದ ತಮ್ಮ ಅಂಕಗಳ ಪುಸ್ತಕ ತೆಗೆದುಕೊಟ್ಟರು. ಮೇಬ್ರಿ, ಲೂಷಸ್: 72.

"ಎಪ್ಪತ್ತೆರಡಕ್ಕೆ ಕಾಲೇಜು ಸಿಗಲ್ವಾ?"

"ಕೂದಲೆಳೆಯಷ್ಟು ಕಮ್ಮಿ. ಎರಡು ವರ್ಷ ಸಣ್ಣ ಕಾಲೇಜಿಗೆ ಹೋಗಿ ಆಮೇಲೆ ದೊಡ್ಡದಕ್ಕೆ ಹೋಗ್ಬಹುದು. ಯಾರೂ ಸಾಯಲ್ಲ ಅದರಿಂದ. ಆದ್ರೆ ಹಸಿರಿನೋರಿಗೆ ಈ ವರ್ಷಾನೇ ಬೇಕಂತೆ."

"ಬಾಗಿಲು ಮುರಿಯೋಕೆ ನೀವು ಹೇಳಿದ್ರಾ?"

"ನಾನು ಹೇಳಿದ್ರೆ ತಟ್ಟಿ ಒಳಗೆ ಹೋಗು ಅಂತಿದ್ದೆ." ಪುಸ್ತಕ ಮುಚ್ಚಿದರು. "ಹದಿನಾರು ವರ್ಷ ಆಗೋ ತನಕ ಆ ಹುಡುಗನಿಗೆ ಒಂದು ಸಾಲು ಓದೋಕೆ ಬರ್ತಿರಲಿಲ್ಲ ಇನ್ಸ್‌ಪೆಕ್ಟರ್. ಪ್ರತಿ ವರ್ಷ ಪಾಸ್ ಮಾಡಿ ಮೇಲಕ್ಕೆ ಕಳಿಸಿದ್ರು, ಶುಕ್ರವಾರ ಶುಕ್ರವಾರ ಆಡಿಸಿದ್ರು. ಎರಡು ವರ್ಷ ದಿನಾ ಬೆಳಿಗ್ಗೆ ಆರೂವರೆಗೆ ಬಂದು ನನ್ನೆದುರು ಕೂತ. ಆ ಎಪ್ಪತ್ತೆರಡನ್ನ ನಾನು ಕೊಟ್ಟಿಲ್ಲ. ಅವನು ನನ್ನ ಕೈಯಿಂದ ಕಿತ್ಕೊಂಡಿದ್ದು."

11.40ಕ್ಕೆ ಠಾಣೆಗೆ ಬಂದು ಟಾಲಿವರ್ ಕ್ರಂಪ್ಟನ್ ಮೇಲೆ ದಾಖಲೆ ತಿದ್ದಿದ ದೂರು ಕೊಟ್ಟರು. ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಯೋಚಿಸಿ ನೋಡಿ ಎಂದು ಗಾಡ್ಸಿ ಮೆತ್ತಗೆ ಹೇಳಿದಳು. "ಸಂಖ್ಯೆ ಹಾಕು," ಎಂದರು ಟಾಲಿವರ್. ಅದು 94-033 ಆಯಿತು.

ಮಧ್ಯಾಹ್ನ 3.30ಕ್ಕೆ ಪೆಟ್‌ವೇ ಮೇಬ್ರಿ ಮನೆಗೆ ಹೋದರು. ಅಜ್ಜಿ ಆರ್ಜಿ ಕೋಳಿ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಕಾಲು ಬಿಸಿನೀರಲ್ಲಿಟ್ಟು ಕೂತಿದ್ದಳು. ಲೂಷಸ್ ಬಾಗಿಲಲ್ಲಿ ನಿಂತ. ಒಳಗೆ ಬೆಳಕೇ ಬರಲಿಲ್ಲ.

"ಭಾನುವಾರ ಹನ್ನೊಂದಕ್ಕೆ ಎಲ್ಲಿದ್ದೆ?"

"ನಾಳೆ ಹೇಳ್ತೀನಿ ಸಾರ್. ಜಿಮ್ಮಲ್ಲಿ."

"ಇವತ್ತು ಹೇಳಿದ್ರೆ ನಿಂಗೆ ಒಳ್ಳೇದು."

"ನಂಗೆ ಒಳ್ಳೇದು ಅಂತ ತುಂಬಾ ಜನ ತುಂಬಾ ಮಾಡವ್ರೆ ಸಾರ್. ನಾಳೆ ಎಂಟಕ್ಕೆ ಬನ್ನಿ. ಓಡಿಹೋಗಲ್ಲ."

ಆರ್ಜಿ ನೀರಿನಿಂದ ಕಾಲೆತ್ತದೆ ಕೇಳಿದಳು: "ಇವನು ಸಹಿ ಹಾಕದಿದ್ರೆ ಏನಾಗುತ್ತೆ ಅಂತ ಗೊತ್ತಾ ನಿಂಗೆ, ಪೊಲೀಸಪ್ಪಾ? ಬೇಸಿಗೆ ಹೊತ್ತಿಗೆ ನನ್ನ ಪಕ್ಕ ನಿಂತು ಕೋಳಿ ಕೊಯ್ತಿರ್ತಾನೆ."

"ಗೊತ್ತಮ್ಮ."

"ಇವನಿಗೂ ಗೊತ್ತು. ನಾನು ಹೇಳೋದೆಲ್ಲ ಹೇಳಿಯಾಯ್ತು," ಎಂದಳು. ಅಷ್ಟಕ್ಕೇ ಬಿಟ್ಟಳು.

4.40ಕ್ಕೆ ನ್ಯಾಯಾಧೀಶರು ಲೂಷಸ್‌ನ ಬಂಧನ ವಾರಂಟಿಗೆ ರುಜು ಹಾಕಿದರು, ಜೊತೆಗೆ ಒಂದು ಷರಾ ಬರೆದರು: ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಜಾರಿ ಮಾಡಕೂಡದು. ಅವರ ಕೋಣೆಯ ಗೋಡೆಯ ಮೇಲೆ ಹಸಿರು ಕಾಲೇಜಿನ ಬಾವುಟ ತೂಗುತ್ತಿತ್ತು. ಸಮವಸ್ತ್ರ ಹಾಕಿದವನು ಇದಕ್ಕೆ ಏನೂ ಅನ್ನುವ ಹಾಗಿಲ್ಲ. ಕತೆ ಹೇಳುವವನಿಗೆ ಆ ಕಟ್ಟುಪಾಡಿಲ್ಲ: ಅದು ನಾಚಿಕೆಗೇಡಿನ ಷರಾ.

ಫೆಬ್ರವರಿ 2, ಬುಧವಾರ, 8.00. ಜಿಮ್ಮಿನಲ್ಲಿ ಆರುನೂರು ಜನ, ಬ್ಯಾಂಡು, ಎರಡು ಟಿವಿ ಕ್ಯಾಮೆರಾ. ಪೆಟ್‌ವೇ ಮತ್ತು ಗಾಡ್ಸಿ ಬಾಗಿಲ ಬಳಿ ನಿಂತರು. ಮೇಜಿನ ಹಿಂದೆ ಲೂಷಸ್, ಅವನ ಒಂದು ಕಡೆ ಅಜ್ಜಿ, ಇನ್ನೊಂದು ಕಡೆ ಕ್ರಂಪ್ಟನ್. ಕೋಚ್ ಒಪ್ಪಂದದ ಕೊನೆಯ ಪುಟ ತಿರುಗಿಸಿ ಸಹಿ ಹಾಕುವ ಜಾಗದ ಮೇಲೆ ಬೆರಳಿಟ್ಟು ಪೆನ್ನು ಕೊಟ್ಟ.

ಲೂಷಸ್ ಪೆನ್ನು ತೆಗೆದುಕೊಂಡ. ಆಮೇಲೆ ಮೊದಲ ಪುಟಕ್ಕೆ ತಿರುಗಿಸಿ ಓದಲು ಶುರು ಮಾಡಿದ.

ಬೆರಳಿಟ್ಟು, ತುಟಿ ಅಲ್ಲಾಡಿಸಿ, ಒಂದೊಂದೇ ಸಾಲು. ಮೊದಲು ಜನ ನಕ್ಕರು. ಎರಡು ನಿಮಿಷಕ್ಕೆ ಬ್ಯಾಂಡಿನವರು ಕಹಳೆ ಕೆಳಗಿಟ್ಟರು. "ಏ, ಮನೇಲಿ ಓದ್ಕೊಳ್ಳೋ," ಎಂದು ಮೇಲಿನಿಂದ ಒಬ್ಬ ಕೂಗಿದ. ಕ್ರಂಪ್ಟನ್ ಕಿವಿಯಲ್ಲಿ ಏನೋ ಅಂದ. ಲೂಷಸ್ ಒಂದು ಕೈಯಿಂದ ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಎರಡನೆಯ ಪುಟ ತೆರೆದ. ಹನ್ನೊಂದು ನಿಮಿಷ ಹಿಡಿಯಿತು. ಗಾಡ್ಸಿ ಗಡಿಯಾರ ನೋಡಿ ಬರೆದುಕೊಂಡಿದ್ದಾಳೆ.

ಅವನು ಮೈಕಿನ ಹತ್ತಿರ ಬಾಗಿದ.

"ನನ್ನ ಅಂಕಪಟ್ಟಿ ಸತ್ಯ ಅಂತ ನಾನು ಒಪ್ಕೋತೀನಿ ಅಂತ ಇಲ್ಲಿದೆ. ಅದು ಸತ್ಯ ಅಲ್ಲ. ಇಂಗ್ಲಿಷಲ್ಲಿ ನಂಗೆ ಬಂದಿರೋದು ಎಪ್ಪತ್ತೆರಡು. ಮಿಸ್ ಟಾಲಿವರ್ ಹತ್ರ ಕಲಿತಿದ್ದು. ಸುಳ್ಳು ಪಟ್ಟಿ ನನ್ನ ಹತ್ರ ಇದೆ. ಅದರ ಕೆಳಗೇ ಅಸಲಿ ಇತ್ತು. ಅದನ್ನ ಸೋಮವಾರ ನಾನೇ ಅರ್ಹತಾ ಕಚೇರಿಗೆ ಪೋಸ್ಟ್ ಮಾಡಿದೀನಿ. ಕಚೇರಿ ಬಾಗಿಲು ಮುರಿದಿದ್ದೂ ನಾನೇ."

ಪೆನ್ನನ್ನು ಎರಡು ಟೋಪಿಗಳ ನಡುವೆ ಇಟ್ಟು ಎದ್ದ. ಆರುನೂರು ಜನರ ಬೈಗುಳದ ನಡುವೆ ತಲೆ ತಗ್ಗಿಸದೆ ನಡೆದು ಪೆಟ್‌ವೇ ಎದುರು ನಿಂತ. ಆರ್ಜಿ ಅವನ ಹಿಂದೆಯೇ ಬಂದಳು, ದಾರಿಗೆ ಅಡ್ಡ ನಿಂತ ಇಬ್ಬರನ್ನು ಕೈಚೀಲದಿಂದ ಬಡಿದು.

"ಈಗ ಹಿಡೀತೀರಾ ಸಾರ್?"

"ಒಂಬತ್ತಕ್ಕೆ. ಅಲ್ಲಿ ತನಕ ನೀನು ಬರೀ ನನ್ನ ಕಾರಲ್ಲಿ ಕೂತಿರೋ ಮನುಷ್ಯ."

ನಲವತ್ತು ನಿಮಿಷ ಕಾರಿನಲ್ಲಿ ಕೂತರು. ಗಾಡ್ಸಿ ಸಾಸೇಜ್ ಇಟ್ಟ ಬನ್ನು ತಂದಳು. ಸರಿಯಾಗಿ 9.00ಕ್ಕೆ ಪೆಟ್‌ವೇ ಬನ್ನಿನ ಪುಡಿ ಕೊಡವಿಕೊಂಡು ವಾರಂಟ್ ಓದಿ ಬಂಧಿಸಿದರು. ಲೂಷಸ್ ಜೇಬಿನಿಂದ ಹಸಿರು ಬಣ್ಣ ಹತ್ತಿದ ಕೈಗವಸುಗಳನ್ನು ತೆಗೆದುಕೊಟ್ಟ.

ಠಾಣೆಯಲ್ಲಿ ಹೇಳಿಕೆ ದಾಖಲಾಯಿತು.

"ಪಟ್ಟಿ ತಿದ್ದಿದಾರೆ ಅಂತ ನಿಂಗೆ ಹೇಳಿದ್ದು ಯಾರು?"

"ಯಾರೂ ಇಲ್ಲ. ಶುಕ್ರವಾರ ಕೋಚೇ ಕೈಗೆ ಕೊಟ್ಟು, ಹಡಲ್‌ಸ್ಟನ್ ಸಾರಿಗೆ ಕೊಡು ಅಂದ್ರು. ಲಕೋಟೇನೂ ಇರಲಿಲ್ಲ. ದಾರೀಲಿ ಓದಿ ಕೊಟ್ಟೆ."

"ನೀನು ಓದ್ತೀಯ ಅಂತ ಅವನಿಗೆ ಅನ್ನಿಸ್ಲಿಲ್ವಾ?"

"ನಾಲ್ಕು ವರ್ಷ ಏನೇನೋ ಕಾಗದ ಕೈಗೆ ಕೊಟ್ಟವ್ರೆ. ಓದೋನು ಅಂತ ಯಾವತ್ತೂ ಅಂದ್ಕೊಂಡೇ ಇಲ್ಲ."

"ಮಿಸ್ ಟಾಲಿವರ್ ಹೇಳ್ಕೊಟ್ರು ಅಂತಾರೆ ನಿಮ್ಮ ಮುಖ್ಯೋಪಾಧ್ಯಾಯರು."

"ಸುಳ್ಳು. ಬರ್ಕೊಳ್ಳಿ. ನಾನೊಬ್ನೇ."

"ತೊಂಬತ್ತೊಂದು ಬಿಟ್ಟು ಎಪ್ಪತ್ತೆರಡು ಯಾಕೆ ಬೇಕಾಯ್ತಪ್ಪ? ನಾಲ್ಕು ವರ್ಷ ಎಲ್ಲಾ ಪುಕ್ಕಟೆ ಇತ್ತಲ್ಲ."

ಲೂಷಸ್ ತನ್ನ ದಪ್ಪ ಕೈಗಳನ್ನು ಮೇಜಿನ ಮೇಲಿಟ್ಟ.

"ಈ ಮೈ ದೇವರು ಕೊಟ್ಟಿದ್ದು ಸಾರ್. ತಳ್ಳೋದು ಕೋಚ್ ಕಲಿಸಿದ್ದು. ಎಪ್ಪತ್ತೆರಡು ಒಂದೇ ನಾನು ಮಾಡಿದ್ದು. ಅದನ್ನ ಅಳಿಸಿದ್ರೆ ನಾನೆಲ್ಲಿದೀನಿ?"

ಪೆಟ್‌ವೇ ಅದನ್ನು ಅವನ ಮಾತಿನಲ್ಲೇ ಬರೆದುಕೊಂಡರು. ಅವರ ಮೂರು ವರ್ಷದ ಕಾಲೇಜಿನಲ್ಲಿ ಅವರ ಪರೀಕ್ಷೆಗಳನ್ನು ಬೇರೆ ಯಾರೋ ಬರೆದಿದ್ದರು. ಆ ವಿಷಯ ಯಾವ ಕಡತದಲ್ಲೂ ಇಲ್ಲ.

ಗಾಡ್ಸಿ ಬಂಧನದ ನಮೂನೆ ಎಳೆದುಕೊಂಡು ಕಾಲಂಗಳನ್ನು ತುಂಬತೊಡಗಿದಳು. ಎತ್ತರ, ತೂಕ, ಕಣ್ಣಿನ ಬಣ್ಣ. ಹಿಡಿದ ಪ್ರತಿಯೊಬ್ಬನಿಗೂ ಕೇಳುವ ಹನ್ನೆರಡನೆಯ ಪ್ರಶ್ನೆಗೆ ಬಂದು ತಲೆಯೆತ್ತಿದಳು.

"ಓದು ಬರಹ ಬರುತ್ತಾ?"

"ಬರುತ್ತೆ," ಎಂದ ಲೂಷಸ್. "ಇತ್ಲಾಗೆ ಕೊಡಿ, ಸಹಿ ಹಾಕೋ ಮುಂಚೆ ಓದ್ತೀನಿ."

ಗಾಡ್ಸಿ ನಮೂನೆಯನ್ನು ಅವನ ಕಡೆ ತಿರುಗಿಸಿಟ್ಟು ಕಾಯುತ್ತ ಕೂತಳು.